ಅಜ್ಜನ ಮಿಡಿ ಮರ ಯಾವುದು?

ಪ್ರಶ್ನೆ: ನನಗೆ 28 ವರ್ಷ, ಬೆಂಗಳೂರಿನಲ್ಲಿ ಕೆಲಸ. ಊರು ಸಾಗರದ ಹತ್ತಿರದ ಹಳ್ಳಿ. ಹೋದ ವರ್ಷ ಪುನರ್ವಸು ಮಳೆಯಲ್ಲಿ ಅಜ್ಜ ತೀರಿಕೊಂಡರು. ನನ್ನ ಬಾಲ್ಯವೆಲ್ಲ ಅಜ್ಜನ ಬೆನ್ನ ಹಿಂದೆಯೇ ಕಳೆಯಿತು. ಸೊಪ್ಪಿನ ಬೆಟ್ಟ, ಹಳ್ಳ, ಗದ್ದೆಯ ಬದು ಅಂತ ತಿರುಗುತ್ತಿದ್ದೆವು. ಮನೆಯೊಳಗೆ ಸುಮ್ಮನೆ ಕೂತ ಅಜ್ಜ ನನಗೆ ನೆನಪೇ ಇಲ್ಲ. ಹೋದ ವರ್ಷ ಫೆಬ್ರವರಿಯಲ್ಲಿ ವಾಟ್ಸ್‌ಆ್ಯಪ್‌ನಲ್ಲಿ "ಮಾವಿನ ಮಿಡಿ ಬಿಟ್ಟಿದೆ, ಬಾ ಕೂಸೇ" ಎಂದು ಧ್ವನಿ ಕಳಿಸಿದ್ದರು. ರಜೆ ಸಿಗಲಿಲ್ಲ ಅಂದೆ. ನಿಜ ಹೇಳಬೇಕೆಂದರೆ ರಜೆ ಕೇಳಿಯೇ ಇರಲಿಲ್ಲ. 19 ಸೆಕೆಂಡಿನ ಆ ಸಂದೇಶವನ್ನು ಮತ್ತೆ ಕೇಳಲು ಇವತ್ತಿಗೂ ಧೈರ್ಯ ಬಂದಿಲ್ಲ. ಊರಿಗೆ ಹೋದರೆ ಹಿತ್ತಿಲು ದಾಟಿ ಬೆಟ್ಟಕ್ಕೆ ಕಾಲಿಡಲು ಆಗುತ್ತಿಲ್ಲ. ಮುಂದಿನ ತಿಂಗಳು ವರ್ಷಾಂತ. ಅಜ್ಜನ ಬಗ್ಗೆ ನಾಲ್ಕು ಮಾತು ನೀನೇ ಆಡಬೇಕು ಎಂದು ಅಪ್ಪ ಹೇಳಿದ್ದಾರೆ. ಬರೆಯಲು ಕೂತರೆ "ಸರಳಜೀವಿ, ಪ್ರಕೃತಿಪ್ರೇಮಿ" ಎಂಬಲ್ಲಿಗೆ ಪೆನ್ನು ನಿಲ್ಲುತ್ತದೆ. ಅವರ ಮುಖ ಕೂಡ ಮಸುಕಾಗುತ್ತಿದೆ. ನಾನು ಅಜ್ಜನನ್ನು ಮರೆಯುತ್ತಿದ್ದೇನೆಯೇ?

ಉತ್ತರ: ತಂಗೀ, ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಎರಡನೇ ಸಲ ಓದುವಾಗ ಒಂದು ಮಾತು ಹಿಡಿದು ನಿಲ್ಲಿಸಿತು. ಅಜ್ಜನ ಬೆನ್ನ ಹಿಂದೆಯೇ ಬಾಲ್ಯ ಕಳೆಯಿತು ಎಂದಿದ್ದೀರಿ. ಬೆಟ್ಟದ ಕಾಲುದಾರಿಯಲ್ಲಿ ಇಬ್ಬರು ಜೊತೆಯಾಗಿ ನಡೆಯಲು ಜಾಗವಿರುವುದಿಲ್ಲ. ಅವರು ಮುಂದೆ, ನೀವು ಹಿಂದೆ. ಹಾಗಿದ್ದರೆ ಅಷ್ಟು ವರ್ಷ ನೀವು ನೋಡಿದ್ದು ಅವರ ಮುಖಕ್ಕಿಂತ ಹೆಚ್ಚಾಗಿ ಅವರ ಬೆನ್ನನ್ನು. ನೀರು ಸೋರುವ ಕಂಬಳಿ ಕೊಪ್ಪೆ, ಕೆಸರು ಮೆತ್ತಿದ ಹಿಮ್ಮಡಿ, ಕೈಲಿದ್ದ ಕತ್ತಿ, ಅವರು ಗಕ್ಕನೆ ನಿಂತಾಗ ನೀವೂ ನಿಲ್ಲುತ್ತಿದ್ದದ್ದು. ಮುಖ ಬೇಕೆಂದರೆ ಗೋಡೆಯ ಮೇಲೆ ಫೋಟೋ ಇದ್ದೇ ಇದೆ. ಆ ಬೆನ್ನು ಯಾವ ಫೋಟೋದಲ್ಲೂ ಇಲ್ಲ, ನಿಮ್ಮೊಬ್ಬರ ಹತ್ತಿರ ಇದೆ. ಬರೆಯಲು ಅಲ್ಲಿಂದ ಶುರು ಮಾಡಿ.

ಬೆಂಗಳೂರಿನ ಕೋಣೆಯಲ್ಲಿ ಲ್ಯಾಪ್‌ಟಾಪ್ ತೆರೆದು ಕೂತರೆ ಏನೂ ಬರದಿರುವುದರಲ್ಲಿ ಆಶ್ಚರ್ಯವಿಲ್ಲ. ಗಾಡನ್ ಮತ್ತು ಬ್ಯಾಡ್ಲಿ ಎಂಬ ಇಬ್ಬರು ಮನೋವಿಜ್ಞಾನಿಗಳು 1975ರಲ್ಲಿ ಮುಳುಗುಗಾರರ ಮೇಲೆ ಮಾಡಿದ ಪ್ರಯೋಗವೊಂದನ್ನು ಪ್ರಕಟಿಸಿದರು. ನೀರಿನಡಿಯಲ್ಲಿ ಕಲಿತ ಪದಗಳು ಅವರಿಗೆ ದಡದಲ್ಲಿ ನೆನಪಾದದ್ದು ಕಡಿಮೆ, ಮತ್ತೆ ನೀರಿಗಿಳಿದಾಗ ಹೆಚ್ಚು. ಕಲಿತ ಜಾಗಕ್ಕೂ ನೆನಪಿಗೂ ಹೀಗೊಂದು ನಂಟಿದೆ. ನಿಮ್ಮ ಅಜ್ಜ ನಿಮಗೆ ಸಿಕ್ಕಿದ್ದು ಬೆಟ್ಟದಲ್ಲಿ. ನೀವು ಹೋಗದೆ ಉಳಿದಿರುವುದೂ ಅಲ್ಲಿಗೇ. ನೀವು ಮರೆತಿಲ್ಲ, ನೆನಪು ಇರುವ ಕಡೆಗೆ ಇನ್ನೂ ಹೋಗಿಲ್ಲ ಅಷ್ಟೇ.

ಹೋಗಿ. ಆದರೆ ಒಬ್ಬರೇ ಹೋಗಬೇಡಿ, ಇಡೀ ಬೆಟ್ಟವನ್ನು ಒಂದೇ ದಿನ ಸುತ್ತಲೂ ಬೇಡ. ಹಿತ್ತಿಲ ಉಣಗೋಲಿನವರೆಗೆ ಒಂದು ದಿನ, ಹಳ್ಳದವರೆಗೆ ಮರುದಿನ. ಅಳು ಬಂದರೆ ಅಲ್ಲೇ ಒಂದು ಕಲ್ಲಿನ ಮೇಲೆ ಕೂತು ಅತ್ತುಬಿಡಿ. ಮಳೆ ಹಿಡಿದ ಮೇಲೆ, ಬೆಳಗಿನ ಜಾವ ಬೆಳಕು ಹರಿಯುವ ಮೊದಲೇ, ಹಳ್ಳದ ಬದಿಯಿಂದ ಸರಳೆ ಸಿಳ್ಳಾರ ಹಕ್ಕಿ ಶಾಲೆ ಹುಡುಗನ ಹಾಗೆ ಸಿಳ್ಳೆ ಹಾಕುವ ಕಾಲ ಇದು. ಆ ಹೊತ್ತಿಗೆ ಹೋಗಿ ನೋಡಿ. ಕಿವಿಗೆ ಬಿದ್ದ ಒಂದು ಸದ್ದಿನ ಹಿಂದೆಯೇ ಅಜ್ಜ ಯಾವಾಗಲೋ ಹೇಳಿದ್ದ ಮಾತು ಎದ್ದು ಬರುವುದುಂಟು. ಜೇಬಲ್ಲೊಂದು ಚಿಕ್ಕ ಪುಸ್ತಕವಿರಲಿ.

ಈಗ ಆ ಫೆಬ್ರವರಿಯ ವಿಷಯ. ಅದರಲ್ಲಿ ನಿಮ್ಮ ತಪ್ಪೇನೂ ಇಲ್ಲ ಎಂದು ನಾನು ಬರೆದರೆ ನೀವು ನಂಬುವುದಿಲ್ಲ, ನಾನೂ ಬರೆಯುವುದಿಲ್ಲ. ಹೋಗಬಹುದಿತ್ತು, ಹೋಗಲಿಲ್ಲ. ಅದೇ ಕೊನೆಯ ಸುಗ್ಗಿ ಎಂಬುದು ನಿಮಗಾಗಲಿ, ಬಹುಶಃ ಅಜ್ಜನಿಗಾಗಲಿ ಗೊತ್ತಿರಲಿಲ್ಲ. ಮುಂದಿನ ವರ್ಷ ಇದ್ದೇ ಇದೆ ಎಂಬ ಭರವಸೆಯಲ್ಲೇ ನಾವೆಲ್ಲ ನಮ್ಮವರಿಗೆ "ಆಗಲ್ಲ" ಎನ್ನುವುದು. ರಜೆ ಕೇಳಿರಲಿಲ್ಲ ಎಂಬ ಮಾತನ್ನು ನನಗೊಬ್ಬಳಿಗೆ ಬರೆದು ಸುಮ್ಮನಾಗಬೇಡಿ, ಅಪ್ಪನ ಹತ್ತಿರ ಹೇಳಿಕೊಳ್ಳಿ. ಅಜ್ಜ ಅವರಿಗೆ ಅಪ್ಪ. ಹೇಳದೆ ಉಳಿದ ಮಾತು ಅವರಲ್ಲೂ ಇರುತ್ತದೆ.

ಆ ಸಂದೇಶವನ್ನು ಮೊದಲು ಇನ್ನೆರಡು ಕಡೆ ಉಳಿಸಿಕೊಳ್ಳಿ. ಫೋನ್ ಕೆಟ್ಟರೆ, ಬದಲಾದರೆ ಹೋಗಿಬಿಡುತ್ತದೆ. ಕೇಳುವ ಅವಸರವಿಲ್ಲ. ಕೇಳುವ ದಿನ ಅಪ್ಪನೋ ಅಮ್ಮನೋ ಪಕ್ಕದಲ್ಲಿರಲಿ.

ವರ್ಷಾಂತದ ಮಾತಿಗೆ ಬರೋಣ. "ಪ್ರಕೃತಿಪ್ರೇಮಿ" ಎಂಬುದು ಯಾರಿಗೆ ಬೇಕಾದರೂ ಹೊದಿಸಬಹುದಾದ ಶಾಲು. ಅಪ್ಪೆಮಿಡಿ ಕೊಯ್ಯುವವರ ಕೈಯನ್ನು ಹತ್ತಿರದಿಂದ ನೋಡಿದ ನೀವು ಅಂಥ ಪದಕ್ಕೆ ಯಾಕೆ ಹೋಗಬೇಕು? ನೆಲಕ್ಕೆ ಬಿದ್ದು ಪೆಟ್ಟಾದ ಮಿಡಿ ಜಾಡಿಯೊಳಗೆ ಕೊಳೆಯುತ್ತದೆ, ಅದಕ್ಕೇ ಕೊಂಬೆಯ ಮೇಲಿಂದ ಬುಟ್ಟಿಯನ್ನು ಹಗ್ಗ ಕಟ್ಟಿ ಇಳಿಸುತ್ತಾರೆ. ತೊಟ್ಟು ಮುರಿದು, ಸೊನೆಯ ವಾಸನೆ ನೋಡಿಯೇ ಇದು ಯಾವ ಮರದ್ದು ಎಂದು ಹೇಳುವವರಿದ್ದಾರೆ. ಒಂದು ಮರದ್ದು ಜೀರಿಗೆಯ ಹಾಗೆ, ಇನ್ನೊಂದು ಕರ್ಪೂರದ ಹಾಗೆ. ನಿಮ್ಮ ಅಜ್ಜ ಏನು ಮಾಡುತ್ತಿದ್ದರು, ನಿಮ್ಮ ಮೂಗಿಗೆ ಏನು ಹಿಡಿಯುತ್ತಿದ್ದರು, ಅದನ್ನು ಹೇಳಿ. ಐದು ನಿಮಿಷ ಸಾಕು. ಬಂದವರಲ್ಲಿ ಇನ್ನೊಬ್ಬರು "ನಾನೂ ಹೋಗಿದ್ದೆ ಅವರ ಜೊತೆ" ಎಂದು ಬಾಯಿ ಹಾಕಿದರೆ ತಡೆಯಬೇಡಿ, ಬರೆದುಕೊಳ್ಳಿ.

ಒಂದು ಮಾತು ನನ್ನ ಮನೆಯಿಂದ. ನನ್ನ ಸೋದರಮಾವನಿಗೂ ಹಳ್ಳದಂಚಿನಲ್ಲಿ ಒಂದು ಮಿಡಿ ಮರ ಗೊತ್ತಿತ್ತು. ಅವರಿರುವ ತನಕ ಅದು ಯಾವ ಮರ ಎಂದು ನಾವ್ಯಾರೂ ಕೇಳಲಿಲ್ಲ. ಹೋದ ಮೇಲೆ ಹುಡುಕಿದೆವು, ಸಿಗಲಿಲ್ಲ. ಆ ರುಚಿ ಅವರೊಂದಿಗೇ ಹೋಯಿತು. ನಿಮಗೆ ಹಾಗಾಗುವುದು ಬೇಡ. ಅಜ್ಜನ ಜೊತೆ ಮಿಡಿಗೆ ಹೋಗುತ್ತಿದ್ದವರು ಊರಲ್ಲಿ ಇದ್ದೇ ಇರುತ್ತಾರೆ, ಅವರನ್ನು ಕರೆದುಕೊಂಡು ಹೋಗಿ ಮರ ಗುರುತು ಮಾಡಿಕೊಳ್ಳಿ. ಗೊರಟೆ ಹಾಕಿ ಬೆಳೆಸಿದರೆ ತಾಯಿಮರದ ಗುಣವೇ ಬರುತ್ತದೆಂಬ ಖಾತ್ರಿಯಿಲ್ಲ, ಕಸಿಯೇ ಆಗಬೇಕು. ಸಾಗರ, ರಿಪ್ಪನ್‌ಪೇಟೆ ಕಡೆ ಅಪ್ಪೆಮಿಡಿ ಕಸಿ ಕಟ್ಟುವವರಿದ್ದಾರೆ, ಮಳೆಗಾಲವೇ ಅದಕ್ಕೆ ಕಾಲ. ಎರಡು ಗಿಡ ಮಾಡಿಸಿ, ಒಂದನ್ನು ಅಪ್ಪನ ಕೈಲಿ ನೆಡಿಸಿ.

ಇಷ್ಟರ ನಡುವೆ ನಿದ್ದೆ ಬಾರದೆ, ಊಟ ಸೇರದೆ, ಕೆಲಸಕ್ಕೆ ಹೋಗಲಾಗದೆ ವಾರಗಟ್ಟಲೆ ಕಳೆಯುತ್ತಿದ್ದರೆ 14416ಕ್ಕೆ ಕರೆ ಮಾಡಿ. ಅದು ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ. ಉಚಿತ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು.

ಇನ್ನೊಂದನ್ನು ನೀವು ಪತ್ರದಲ್ಲಿ ಬರೆದಿಲ್ಲ. ನೀವು ಹೋಗದಿದ್ದ ಆ ಫೆಬ್ರವರಿಯಲ್ಲಿ ಅಜ್ಜ ಮಿಡಿ ಕೊಯ್ದಿದ್ದರೇ? ಕೊಯ್ದಿದ್ದರೆ ಮನೆಯಲ್ಲಿ ಉಪ್ಪಿನಕಾಯಿ ಹಾಕಿರುತ್ತಾರೆ, ಹದವಾಗಿ ಹಾಕಿದ ಮಿಡಿ ವರ್ಷಗಟ್ಟಲೆ ಕೆಡುವುದಿಲ್ಲ. ಇವತ್ತೇ ಅಮ್ಮನಿಗೆ ಫೋನ್ ಮಾಡಿ. ಆ ಜಾಡಿ ಇನ್ನೂ ಇದ್ದರೆ, ನೀವು ಬರುವವರೆಗೆ ಅದನ್ನು ಖಾಲಿ ಮಾಡಬೇಡಿ ಎನ್ನಿ.