ಮಾಳಿಗೆ ಮೇಲಿನ ಗಾಳಿಯಂತ್ರ, ಮೆಟ್ಟಿಲ ಕೆಳಗಿನ ಬ್ಯಾಟರಿ

ಪ್ರಶ್ನೆ: ನಮ್ಮದು ಗದಗ ಜಿಲ್ಲೆಯ ಹಳ್ಳಿ. ಯಜಮಾನರು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದರು, ಹೋದ ವರ್ಷ ನಿವೃತ್ತರಾದರು. ಈಗ ಮನೆಯಲ್ಲೇ ಕರೆಂಟು ತಯಾರಿಸುವ ಹುಚ್ಚು ಹಿಡಿದಿದೆ. ಗುಜರಿಯಿಂದ ಕಾರಿನ ಡೈನಮೋ ತಂದು, ಪಿವಿಸಿ ಪೈಪು ಸೀಳಿ ರೆಕ್ಕೆ ಮಾಡಿ, ಮಾಳಿಗೆ ಮೇಲೆ ಗಾಳಿಯಂತ್ರ ನಿಲ್ಲಿಸಿದ್ದಾರೆ. ರಾತ್ರಿಯೆಲ್ಲ ಗೋಡೆ ಗುಂಯ್‌ಗುಡುತ್ತದೆ. ನಾಲ್ಕು ಹಳೆಯ ಸೋಲಾರ್ ಪ್ಯಾನಲ್ ಬಂದಿವೆ. ಮೂರು ಹಳೇ ಲಾರಿ ಬ್ಯಾಟರಿ ಮೆಟ್ಟಿಲ ಕೆಳಗಿವೆ, ಪಕ್ಕದಲ್ಲೇ ಮೊಮ್ಮಗ ಮಲಗುತ್ತಾನೆ. ಕರೆಂಟು ಹೋದಾಗ ಎರಡೂ ತುದಿಗೆ ಪಿನ್ ಇರುವ ವೈರನ್ನು ಸಾಕೆಟ್ಟಿಗೆ ಚುಚ್ಚಿ ಇನ್ವರ್ಟರಿನಿಂದ ಇಡೀ ಮನೆಗೆ ಬೆಳಕು ಕೊಡುತ್ತಾರೆ. ಬೇಡ ಅಂದರೆ, "ಕಪ್ಪತಗುಡ್ಡದಾಗ ಅಷ್ಟು ಗಾಳಿಯಂತ್ರ ತಿರಗತಾವ, ನಮ್ಮ ಮಾಳಗಿ ಮ್ಯಾಲ ಯಾಕ ತಿರಗಬಾರದು?" ಅನ್ನುತ್ತಾರೆ. ಮಗ ಫೋನಿನಲ್ಲಿ ನಗುತ್ತಾನೆ. ನನಗೆ ಭಯ, ಆದರೆ ಅವರ ಉತ್ಸಾಹಕ್ಕೆ ತಣ್ಣೀರೆರಚಲೂ ಮನಸ್ಸಿಲ್ಲ. ಏನು ಮಾಡಲಿ?
— ಹೆಸರು ಬೇಡ

ಉತ್ತರ: ಅಕ್ಕಾ, ನಿಮ್ಮ ಭಯಕ್ಕೆ ಕಾರಣವಿದೆ. ನಿಮ್ಮ ಯಜಮಾನರ ಆಸೆಯಲ್ಲೂ ತಪ್ಪಿಲ್ಲ. ಅವರು ಕಲಿಯಲೆಂದು ಮಾಡುವ ಪ್ರಯೋಗ ಬೇರೆ, ಮನೆ ನಂಬಿಕೊಂಡಿರುವ ಕರೆಂಟು ಬೇರೆ. ಇವೆರಡೂ ಒಂದೇ ವೈರಿನಲ್ಲಿ ಕೂಡಿಕೊಂಡಿರುವುದೇ ನಿಮ್ಮ ಮನೆಯ ತೊಂದರೆ. ಬೇರ್ಪಡಿಸಿದರೆ ಅವರ ಹವ್ಯಾಸವೂ ಉಳಿಯುತ್ತದೆ, ನಿಮಗೆ ನಿದ್ದೆಯೂ ಬರುತ್ತದೆ.

ಮೊದಲು ಆ ಎರಡು ಪಿನ್ನಿನ ವೈರು. ಅದನ್ನು ಇವತ್ತೇ ತೆಗೆಸಿ. ಒಂದು ತುದಿ ಇನ್ವರ್ಟರಿನಲ್ಲಿದ್ದು ಇನ್ನೊಂದು ಸಾಕೆಟ್ಟಿನಿಂದ ಕಳಚಿಕೊಂಡರೆ, ಬರಿಯ ಹಿತ್ತಾಳೆ ಕಡ್ಡಿಗಳಲ್ಲಿ 230 ವೋಲ್ಟ್ ಇರುತ್ತದೆ, ಅದೂ ಮಗುವಿನ ಕೈಗೆ ಸಿಗುವ ಎತ್ತರದಲ್ಲಿ. ಮೇನ್ ಸ್ವಿಚ್ ಆಫ್ ಮಾಡುವುದನ್ನು ಒಂದು ರಾತ್ರಿ ಮರೆತರೆ ನಿಮ್ಮ ಮನೆಯ ಕರೆಂಟು ಮೀಟರ್ ದಾಟಿ ಬೀದಿಯ ತಂತಿಗೆ ಹರಿಯುತ್ತದೆ. ಅಲ್ಲಿಂದ ಟ್ರಾನ್ಸ್‌ಫಾರ್ಮರ್ ಮೂಲಕ ಹಿಂದಕ್ಕೆ ಹೋದರೆ ಸಾವಿರಾರು ವೋಲ್ಟ್ ಆಗಬಲ್ಲದು. ಲೈನಿನಲ್ಲಿ ಕರೆಂಟಿಲ್ಲವೆಂದು ನಂಬಿ ಕಂಬ ಹತ್ತಿದ ಲೈನ್‌ಮನ್ ಜೀವ ಹೋಗುತ್ತದೆ. ಎರಡು ಕರೆಂಟುಗಳು ಎಂದೂ ಕೂಡದಂತೆ ತಡೆಯುವ ಚೇಂಜ್‌ಓವರ್ ಸ್ವಿಚ್ಚನ್ನು ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಕೈಯಲ್ಲೇ ಹಾಕಿಸಿ.

ಎರಡನೆಯದು ಬ್ಯಾಟರಿ. ಚಾರ್ಜ್ ಆಗುವಾಗ ಅವುಗಳಿಂದ ಹೈಡ್ರೋಜನ್ ಹೊರಡುತ್ತದೆ. ಗಾಳಿಯಲ್ಲಿ ಅದು ಶೇ. 4ರಷ್ಟು ಸೇರಿದರೂ ಒಂದು ಕಿಡಿ ಸಾಕು. ಗಾಳಿಯಾಡದ ಮೆಟ್ಟಿಲ ಸಂದಿ ಅದಕ್ಕೆ ತಕ್ಕ ಜಾಗವಲ್ಲ, ಮಗು ಮಲಗುವ ಜಾಗವಂತೂ ಅಲ್ಲವೇ ಅಲ್ಲ. ಅವನ್ನು ಗಾಳಿಯಾಡುವ, ಮಳೆ ತಾಗದ, ಬೀಗ ಹಾಕಬಹುದಾದ ಹೊರಗಿನ ಮೂಲೆಗೆ ಸಾಗಿಸಿ. ಪಾಸಿಟಿವ್ ತುದಿಗೆ ಹತ್ತಿರದಲ್ಲೇ ಫ್ಯೂಸ್ ಇರಲೇಬೇಕು. ಒಂದು ಸ್ಪ್ಯಾನರ್ ಜಾರಿ ಎರಡೂ ಟರ್ಮಿನಲ್‌ಗಳಿಗೆ ಅಡ್ಡ ಬಿದ್ದರೆ ನೂರಾರು ಆಂಪಿಯರ್ ಹರಿದು ಕಬ್ಬಿಣವೇ ಕೆಂಪಾಗುತ್ತದೆ. ಉಂಗುರ, ವಾಚು ತೆಗೆದಿಟ್ಟು ಕೆಲಸ ಮಾಡಲಿ. ಆಸಿಡ್ ಕಣ್ಣಿಗೆ ಸಿಡಿದರೆ ತಡಮಾಡದೆ ಧಾರಾಳ ನೀರಿನಲ್ಲಿ ತೊಳೆಯುತ್ತಲೇ ಇದ್ದು, ಆಮೇಲೆ ಡಾಕ್ಟರ ಬಳಿ ಓಡಬೇಕು. ಇನ್ನು ಲಾರಿ ಬ್ಯಾಟರಿ ಇರುವುದು ಇಂಜಿನ್ ಸ್ಟಾರ್ಟ್ ಮಾಡಲು, ಕೆಲವೇ ಕ್ಷಣ ಭಾರೀ ಕರೆಂಟು ಕೊಡಲು. ದಿನವೂ ತಳ ಕಾಣುವವರೆಗೆ ಖಾಲಿ ಮಾಡಿದರೆ ಅದು ಬೇಗ ಕೈಕೊಡುತ್ತದೆ. ಮನೆಗೆ ಬೇಕಾದದ್ದು ಟ್ಯೂಬುಲರ್ ಬ್ಯಾಟರಿ.

ವೈರಿನ ದಪ್ಪವನ್ನೂ ನೋಡಲಿ. 600 ವ್ಯಾಟಿನ ಮಿಕ್ಸಿಗೆ 230 ವೋಲ್ಟಿನಲ್ಲಿ ಮೂರು ಆಂಪಿಯರ್ ಕೂಡ ಬೇಡ. ಅದೇ ಮಿಕ್ಸಿ ಇನ್ವರ್ಟರಿನಲ್ಲಿ ಓಡುವಾಗ 12 ವೋಲ್ಟಿನ ಬ್ಯಾಟರಿಯಿಂದ 50 ಆಂಪಿಯರ್‌ಗೂ ಹೆಚ್ಚು ಎಳೆಯುತ್ತದೆ. ಲೈಟಿಗೆ ಎಳೆಯುವ ತೆಳು ವೈರನ್ನು ಅಲ್ಲಿಗೆ ಹಾಕಿದರೆ ಅದು ಕಾದು, ಮೇಲಿನ ಪ್ಲಾಸ್ಟಿಕ್ ಕರಗಿ, ಬೆಂಕಿ ಹೊತ್ತಿಕೊಳ್ಳುತ್ತದೆ.

ಈಗ ಗಾಳಿಯಂತ್ರ. ಕಪ್ಪತಗುಡ್ಡದ ಯಂತ್ರಗಳು ಗುಡ್ಡದ ನೆತ್ತಿಯಲ್ಲಿ, ಎತ್ತರದ ಕಂಬದ ತುದಿಯಲ್ಲಿ ನಿಂತಿವೆ. ಅಲ್ಲಿ ಗಾಳಿಗೆ ಅಡ್ಡಿಯಿಲ್ಲ. ಮಾಳಿಗೆಯ ಮೇಲೆ ಅದು ಗೋಡೆ, ಮರ, ನೀರಿನ ಟ್ಯಾಂಕಿಗೆ ಬಡಿದು ಸುಳಿಯಾಗುತ್ತದೆ. ಗಾಳಿಯ ವೇಗ ಅರ್ಧಕ್ಕಿಳಿದರೆ ಸಿಗುವ ಶಕ್ತಿ ಎಂಟನೇ ಒಂದು ಪಾಲಿಗೆ ಇಳಿಯುತ್ತದೆ. ಎರಡು ಮೀಟರ್ ವ್ಯಾಸದ ರೆಕ್ಕೆಗೆ ಸೆಕೆಂಡಿಗೆ 3 ಮೀಟರ್ ವೇಗದ ಗಾಳಿ ತರುವ ಶಕ್ತಿ ಸುಮಾರು 50 ವ್ಯಾಟ್. ಅದರಲ್ಲಿ ಶೇ. 59ಕ್ಕಿಂತ ಹೆಚ್ಚನ್ನು ಯಾವ ಯಂತ್ರವೂ ಹಿಡಿಯಲಾರದು ಎಂಬುದನ್ನು ಜರ್ಮನಿಯ ಆಲ್ಬರ್ಟ್ ಬೆಟ್ಜ್ ನೂರು ವರ್ಷದ ಹಿಂದೆಯೇ ಲೆಕ್ಕಹಾಕಿ ತೋರಿಸಿದ್ದಾರೆ. ಕೈಯಲ್ಲಿ ಮಾಡಿದ ಯಂತ್ರಕ್ಕೆ 15 ವ್ಯಾಟ್ ದಕ್ಕಿದರೆ ಪುಣ್ಯ. ಕಾರಿನ ಡೈನಮೋ ಸರಿಯಾಗಿ ಚಾರ್ಜ್ ಮಾಡಲು ನಿಮಿಷಕ್ಕೆ ಸಾವಿರಕ್ಕೂ ಹೆಚ್ಚು ಸುತ್ತು ತಿರುಗಬೇಕು. ಆ ರೆಕ್ಕೆ ಅಷ್ಟು ತಿರುಗದು.

ಜೋರು ಗಾಳಿಯ ದಿನದ ಚಿಂತೆ ಬೇರೆ. ಬ್ಯಾಟರಿ ತುಂಬಿತೆಂದು ಸಂಪರ್ಕ ಕಡಿದರೆ ರೆಕ್ಕೆಗೆ ಹಿಡಿತವೇ ಇರುವುದಿಲ್ಲ. ಹದ್ದು ಮೀರಿ ತಿರುಗುತ್ತದೆ. ಬಿಸಿಲಿಗೆ ಪೆಡಸಾದ ಪಿವಿಸಿ ಮುರಿದು ಹಾರಿದರೆ ಅಂಗಳದಲ್ಲಿ ಇರುವವರ ಗತಿಯೇನು? ಹೆಚ್ಚಾದ ಕರೆಂಟನ್ನು ಸುಡುವ ಡಂಪ್ ಲೋಡ್, ಜೋರು ಗಾಳಿಗೆ ತಾನಾಗಿ ಮುಖ ತಿರುಗಿಸುವ ಬಾಲ, ಇವೆರಡೂ ಇಲ್ಲದ ಯಂತ್ರವನ್ನು ತಿರುಗಲು ಬಿಡಬಾರದು. ಸ್ಕಾಟ್‌ಲ್ಯಾಂಡಿನ ಸ್ಕೋರೇಗ್‌ನಲ್ಲಿ ಹ್ಯೂ ಪಿಗಟ್ ಎಂಬುವರು ದಶಕಗಳಿಂದ ಇಂಥ ಯಂತ್ರ ಕಟ್ಟುತ್ತ, ಕಟ್ಟುವುದನ್ನು ಕಲಿಸುತ್ತ ಬಂದಿದ್ದಾರೆ. ನಿಧಾನ ಗಾಳಿಗೂ ಒಗ್ಗುವ ಜನರೇಟರು, ಮಡಚುವ ಬಾಲ ಎರಡೂ ಅವರ ವಿನ್ಯಾಸದಲ್ಲಿವೆ. ಮಾಸ್ತರರು ಅವರ ಪುಸ್ತಕ ತರಿಸಿ ಓದಲಿ. ಅಲ್ಲಿಯವರೆಗೆ ಯಂತ್ರವನ್ನು ಮಾಳಿಗೆಯಿಂದ ಇಳಿಸಲಿ.

ಸೋಲಾರ್ ಪ್ಯಾನಲ್ ಸದ್ದು ಮಾಡದು, ಆದರೆ ಬಿಸಿಲಿರುವಷ್ಟು ಹೊತ್ತೂ ಅದನ್ನು ಆಫ್ ಮಾಡಲಾಗದು. 45 ವೋಲ್ಟಿನ ನಾಲ್ಕನ್ನು ಸರಣಿಯಲ್ಲಿ ಜೋಡಿಸಿದರೆ 180 ವೋಲ್ಟ್ ಡಿಸಿ. ಮನೆಯ ಎಸಿ ಕರೆಂಟು ಸೆಕೆಂಡಿಗೆ ನೂರು ಸಲ ಸೊನ್ನೆಗಿಳಿಯುವುದರಿಂದ ಕಿಡಿ ಆರುತ್ತದೆ. ಡಿಸಿ ಕಿಡಿ ಹಾಗಲ್ಲ, ಸಡಿಲ ಜೋಡಣೆಯಲ್ಲಿ ಉರಿಯುತ್ತಲೇ ಇರುತ್ತದೆ. ಆದ್ದರಿಂದ ಡಿಸಿಗೆಂದೇ ಮಾಡಿದ ಎಂಸಿಬಿ, ಫ್ಯೂಸ್ ಬೇಕು.

ಯಜಮಾನರಿಗೆ ಇದನ್ನೆಲ್ಲ ಹೇಗೆ ಹೇಳುವುದು? "ಬೇಡ" ಅನ್ನುವುದನ್ನು ಬಿಟ್ಟು ಪ್ರಶ್ನೆ ಕೇಳಿ. "ಬಿರುಗಾಳಿ ಬಂದ್ರ ಇದನ್ನ ಯಾವುದು ನಿಲ್ಲಸತೈತ್ರಿ? ಫ್ಯೂಸ್ ಎಲ್ಲೈತ್ರಿ?" ಜೀವಮಾನವೆಲ್ಲ ಮಕ್ಕಳಿಗೆ ಕಾರಣ ವಿವರಿಸಿದವರು. ಪ್ರಶ್ನೆಗೆ ಉತ್ತರ ಹುಡುಕದೆ ಬಿಡಲಾರರು. ವರಾಂಡದ ದೀಪಗಳನ್ನಷ್ಟೇ ಬೆಳಗಿಸುವ, ಮನೆಯ ವೈರಿಂಗಿಗೆ ಸೇರದ, ಒಂದೇ ಪ್ಯಾನಲ್ಲಿನ 12 ವೋಲ್ಟಿನ ವ್ಯವಸ್ಥೆ ಅವರದಾಗಿರಲಿ. ಊರಿನ ಶಾಲೆಯ ಮಕ್ಕಳಿಗೆ ಅದನ್ನು ತೋರಿಸಿ ಪಾಠ ಮಾಡಲಿ.

ಮನೆಗೆ ಬೇಕಾದ ಕರೆಂಟಿನ ಹೊಣೆ ಮಗನಿಗಿರಲಿ. ನಗುವುದು ಬಿಟ್ಟು ಊರಿಗೆ ಬಂದು ತಂದೆಯ ಜೊತೆ ಕೂರಲು ಹೇಳಿ. 2024ರಲ್ಲಿ ಶುರುವಾದ ಪಿಎಂ ಸೂರ್ಯಘರ್ ಯೋಜನೆಯಲ್ಲಿ 3 ಕಿಲೋವ್ಯಾಟ್‌ಗೆ 78,000 ರೂಪಾಯಿ ಸಬ್ಸಿಡಿ ಇದೆ. ನೋಂದಾಯಿತ ಕಂಪನಿಯಿಂದ ಹಾಕಿಸಿದರೆ ಮಾತ್ರ ಅದು ಸಿಗುತ್ತದೆ. ಒಂದು ವಿಷಯ ನೆನಪಿರಲಿ: ಬ್ಯಾಟರಿಯಿಲ್ಲದ ಗ್ರಿಡ್ ಸೋಲಾರ್, ಲೈನ್‌ಮನ್ ಸುರಕ್ಷತೆಗಾಗಿಯೇ, ಕರೆಂಟು ಹೋದೊಡನೆ ತಾನೂ ನಿಲ್ಲುತ್ತದೆ. ಕತ್ತಲೆಯ ಹೊತ್ತಿಗೆ ಬೆಳಕು ಬೇಕಾದರೆ ಟ್ಯೂಬುಲರ್ ಬ್ಯಾಟರಿಯ ಇನ್ವರ್ಟರ್ ಬೇರೆಯೇ ಬೇಕು.

ಎಲ್ಲವೂ ಒಂದೇ ದಿನಕ್ಕೆ ಆಗುವುದಿಲ್ಲ. ಇವತ್ತು ವೈರು, ನಾಳೆ ಬ್ಯಾಟರಿ, ಈ ವಾರದೊಳಗೆ ಗಾಳಿಯಂತ್ರ. ಉಳಿದದ್ದಕ್ಕೆಲ್ಲ ಅವರ ಮನಸ್ಸು ಒಲಿಯುವವರೆಗೆ ಕಾಯಬಹುದು. ಆ ಎರಡು ಪಿನ್ನಿನ ವೈರಿನ ವಿಷಯದಲ್ಲಿ ಮಾತ್ರ ಕಾಯಬೇಡಿ. ಅವರು ಒಪ್ಪದಿದ್ದರೂ ಎಲೆಕ್ಟ್ರಿಷಿಯನ್ನನ್ನು ನೀವೇ ಕರೆಸಿ. ಗಂಡನ ಮಾತು ಮೀರಿದೆನೆಂದು ಅಳುಕಬೇಡಿ. ಅವರನ್ನೂ ಮೊಮ್ಮಗನನ್ನೂ ಕಂಬ ಹತ್ತುವ ಯಾರದೋ ಮಗನನ್ನೂ ಉಳಿಸುವ ಕೆಲಸವದು.