ಹಳೆಯ ಭಾವಚಿತ್ರವೂ ಮನೆತನದ ಕಥೆಯೂ

ಚರಿತ್ರೆಯೆಂಬುದು ಅರಸುಮನೆತನಗಳಿಗೆ ಮಾತ್ರ ಸೇರಿದುದಲ್ಲ. ಬಾಡಿಗೆಯ ಕೋಣೆಯಲ್ಲಿ ಬಾಳಿದವರಿಗೂ ಚರಿತ್ರೆಯುಂಟು. ಈ ಎಣಿಕೆಯಿಂದಲೇ ನಾವು ಕಳೆದ ವರ್ಷ ಎಂಟನೆಯ ತರಗತಿಯ ವಿದ್ಯಾರ್ಥಿಗಳಿಗೆ, ಮನೆಯಲ್ಲಿರುವ ಅತ್ಯಂತ ಹಳೆಯ ಭಾವಚಿತ್ರವೊಂದನ್ನು ತಂದು ಅದರ ಕಥೆಯನ್ನು ಹೇಳಬೇಕೆಂದು ತಿಳಿಸಿದೆವು.

ಸೀವುಡ್ಸ್‌ನಿಂದ ಬರುವ ಹುಡುಗನೊಬ್ಬನು ತನ್ನ ಅಜ್ಜನ ಚಿತ್ರವನ್ನು ತಂದಿದ್ದನು. ಕೋಟು ತೊಟ್ಟು, ಕೈಗೆ ಗಡಿಯಾರ ಕಟ್ಟಿ, ಕುರ್ಚಿಯ ಬೆನ್ನಿನ ಮೇಲೆ ಕೈಯಿಟ್ಟು ನಿಂತ ತರುಣ; ಹಿಂದೆ ಅರಮನೆಯ ಮೆಟ್ಟಲುಗಳು. “1965ರಲ್ಲಿ ನಮ್ಮಜ್ಜ ಮುಂಬಯಿಗೆ ಬಂದಿಳಿದ ದಿನವೇ ತೆಗೆಸಿದ್ದು. ಬಂದ ಕೂಡಲೇ ಅವರು ಹೋಟೆಲಿನ ಮ್ಯಾನೇಜರಾದರು” ಎಂದು ಹೆಮ್ಮೆಯಿಂದ ಹೇಳಿದನು. ಚಿತ್ರದ ಬೆನ್ನನ್ನು ತಿರುಗಿಸಿ ನೋಡಿದ ಹುಡುಗಿಯೊಬ್ಬಳು, “ಸರ್, ಸ್ಟುಡಿಯೋದ ಮೊಹರಿನಲ್ಲಿ ಆರಂಕಿಯ ಪಿನ್‌ಕೋಡ್ ಇದೆಯಲ್ಲ!” ಎಂದಳು. ಪಿನ್‌ಕೋಡ್ ಜಾರಿಗೆ ಬಂದುದು 1972ರ ಆಗಸ್ಟ್ 15ರಂದು ಎಂದು ಅದೇ ವಾರ ಪಾಠ ಮಾಡಿದ್ದೆವು. ತರಗತಿಯೆಲ್ಲ ನಕ್ಕಿತು. ನಾವೂ ನಕ್ಕೆವು. ಹುಡುಗನು ಚಿತ್ರವನ್ನು ಚೀಲದೊಳಗಿಟ್ಟು ತಲೆ ತಗ್ಗಿಸಿದನು.

ನಕ್ಕುದು ತಪ್ಪು, ತರ್ಕವೂ ಅರೆಯೇ ಆಗಿತ್ತು. ಮೊಹರು ಕಾಗದದ ಕಾಲವನ್ನು ಹೇಳುತ್ತದೆಯೇ ಹೊರತು ಚಿತ್ರ ತೆಗೆದ ದಿನವನ್ನಲ್ಲ. ಹಳೆಯ ನೆಗೆಟಿವ್‌ನಿಂದ ಎಷ್ಟೋ ವರ್ಷಗಳ ನಂತರ ಪ್ರತಿ ತೆಗೆಸುವುದುಂಟು. ಇದನ್ನು ತೀರ್ಮಾನಿಸಬಲ್ಲವರು ಒಬ್ಬರೇ ಇದ್ದರು. ಮುಂದಿನ ಭಾನುವಾರ ನಾವು ಆ ಮನೆಗೆ ಹೋದೆವು.

ಅಜ್ಜನವರು ಉಡುಪಿಯ ಕಡೆಯವರು. ಅವರು ಮುಂಬಯಿಗೆ ಬಂದಾಗ ನವಿಮುಂಬಯಿಯೇ ಇರಲಿಲ್ಲ. ಅದನ್ನು ಕಟ್ಟಲು ಸಿಡ್ಕೋ ಸಂಸ್ಥೆ ಸ್ಥಾಪನೆಯಾದುದು 1970ರಲ್ಲಿ. ದಾರಾವೆ ಎಂಬ ಹಳ್ಳಿಯ ಹೆಸರು ಇಂದಿಗೂ ಸೀವುಡ್ಸ್ ರೈಲು ನಿಲ್ದಾಣದ ಹೆಸರಿನೊಡನೆ ಉಳಿದುಕೊಂಡಿದೆ. ನಮ್ಮ ಪ್ರಶ್ನೆಯನ್ನು ಕೇಳಿ ಅವರು ಗಟ್ಟಿಯಾಗಿ ನಕ್ಕರು. “ಬಂದ ದಿನ ಚಾ ಕುಡಿಯಲಿಕ್ಕೂ ದುಡ್ಡಿರಲಿಲ್ಲ ಮಾಷ್ಟ್ರೇ, ಫೋಟೋ ಎಲ್ಲಿಂದ?” ಎಂದರು. ಎಂಟು ವರ್ಷ ಲೋಟ ತೊಳೆದು, ಮೇಜು ಒರೆಸಿ, ಕೊನೆಗೆ ಗಲ್ಲಾದಲ್ಲಿ ಕೂರುವಂತಾದ ವರ್ಷ ತೆಗೆಸಿದ ಚಿತ್ರವಂತೆ ಅದು. ಕೋಟೂ ಗಡಿಯಾರವೂ ಸ್ಟುಡಿಯೋದವು. ಮೆಟ್ಟಲುಗಳು ಪರದೆಯ ಮೇಲಿನ ಬಣ್ಣ. “ಕಾಲು ನೋಡಿ, ಅದೊಂದು ನನ್ನದು” ಎಂದರು. ನೋಡಿದರೆ ಸವೆದ ರಬ್ಬರ್ ಚಪ್ಪಲಿ! ನಮ್ಮಲ್ಲಿ ಯಾರೂ ಅದನ್ನು ಗಮನಿಸಿರಲಿಲ್ಲ. ಊರಿನಲ್ಲಿದ್ದ ತಾಯಿ ಆ ಕೋಟನ್ನು ಕಂಡು ಮಗನು ಮ್ಯಾನೇಜರಾದನೆಂದು ನೆರೆಹೊರೆಗೆಲ್ಲ ಹೇಳಿದರು, ಅಜ್ಜನವರು ತಿದ್ದಲಿಲ್ಲ. ಮನೆತನದ ಕಥೆ ಹುಟ್ಟಿದ್ದು ಹೀಗೆ. ಎಂಟು ವರ್ಷಗಳ ಲೋಟಗಳ ಸಂಗತಿಯನ್ನು ಮೊಮ್ಮಗನು ಅಂದೇ ಮೊದಲು ಕೇಳಿದನು. ಸೋಮವಾರ ತರಗತಿಯಲ್ಲಿ ಅದನ್ನು ಅವನೇ ಹೇಳಿದನು. ಆಗ ಯಾರೂ ನಗಲಿಲ್ಲ.

ಪಠ್ಯಪುಸ್ತಕದ ಚಿತ್ರಗಳನ್ನೂ ಹೀಗೆಯೇ ಪ್ರಶ್ನಿಸಬೇಕು. ನಮ್ಮ ಹುಟ್ಟೂರು ಬೈಲಹೊಂಗಲದ ಕಡೆಯದು. ಕಿತ್ತೂರು ರಾಣಿ ಚೆನ್ನಮ್ಮನು ಸೆರೆಯಲ್ಲಿ ತೀರಿಕೊಂಡುದು ಬೈಲಹೊಂಗಲದ ಕೋಟೆಯಲ್ಲಿಯೇ, 1829ರಲ್ಲಿ. ಸಂಗೊಳ್ಳಿ ರಾಯಣ್ಣನನ್ನು ನಂದಗಡದಲ್ಲಿ ಗಲ್ಲಿಗೇರಿಸಿದುದು 1831ರಲ್ಲಿ. ಛಾಯಾಚಿತ್ರದ ವಿದ್ಯೆಯನ್ನು ಪ್ಯಾರಿಸಿನಲ್ಲಿ ಲೋಕಕ್ಕೆ ಪ್ರಕಟಿಸಿದುದು 1839ರಲ್ಲಿ. ಆದುದರಿಂದ ಇವರಿಬ್ಬರ “ನಿಜವಾದ ಫೋಟೋ” ಎಂದು ಯಾರಾದರೂ ನಿಮ್ಮ ಮೊಬೈಲಿಗೆ ಕಳುಹಿಸಿದರೆ, ಅದು ಹೇಗೆ ಸಾಧ್ಯವೆಂದು ನೀವೇ ಕೇಳಿರಿ. ಈಗಂತೂ ಯಂತ್ರವೇ ಇಲ್ಲದ ಮುಖವನ್ನು ಕ್ಷಣದಲ್ಲಿ ರಚಿಸಿಕೊಡುತ್ತದೆ.

ಚಿತ್ರವೇ ಕಥೆಯನ್ನು ಸುಳ್ಳಾಗಿಸುತ್ತದೆಂದು ಮಾತ್ರ ತಿಳಿಯಬೇಡಿರಿ. ನಮ್ಮ ಮನೆಯಲ್ಲಿ ಇದಕ್ಕೆ ವಿರುದ್ಧವಾದುದು ನಡೆಯಿತು. ತಂದೆಯ ತಾಯಿಯನ್ನು ನಾವು ಆಯಿ ಎನ್ನುತ್ತೇವೆ. ನಮ್ಮ ಆಯಿಯ ಬಲಗೈಯಲ್ಲಿ ದೊಡ್ಡ ಹಚ್ಚೆಯಿತ್ತೆಂದು ಅಪ್ಪ ಬಾಲ್ಯದಿಂದಲೂ ನಮಗೆ ಹೇಳುತ್ತಿದ್ದರು. ಗೋಡೆಯ ಮೇಲಿನ ಹಾರ ಹಾಕಿದ ಚಿತ್ರದಲ್ಲಾದರೋ ಕೈ ಬರಿದು. ಅಪ್ಪನ ನೆನಪೇ ತಪ್ಪಿರಬೇಕೆಂದು ನಾವು ಬಹುಕಾಲ ನಂಬಿದ್ದೆವು. ಈ ಅಜ್ಜನವರನ್ನು ಕಂಡು ಬಂದ ಮೇಲೆ, ರಜೆಯಲ್ಲಿ ಊರಿಗೆ ಹೋದಾಗ ಆಯಿಯ ತಂಗಿ ಸಣ್ಣಾಯಿಯನ್ನು ಕೇಳಿದೆವು. “ಅದು ನಿಮ್ಮಾಯಿ ಅಲ್ಲೋ ತಮ್ಮಾ, ಅದು ನಾನು” ಎಂದಳು. ಆಯಿ ಒಂದು ಚಿತ್ರವನ್ನೂ ತೆಗೆಸದೆ ತೀರಿಕೊಂಡಿದ್ದಳು. ಅಕ್ಕತಂಗಿಯರ ಮುಖ ಒಂದೇ ಅಚ್ಚು. ಆದುದರಿಂದ ಹಿರಿಯರು ಸಣ್ಣಾಯಿಯ ಚಿತ್ರವನ್ನೇ ದೊಡ್ಡದು ಮಾಡಿಸಿ, ಮೂಗುತಿಯನ್ನು ಕುಂಚದಿಂದ ಬರೆಸಿ, ಗೋಡೆಗೆ ಹಾಕಿದ್ದರು. ಅಪ್ಪ ಆಗ ಆರು ವರ್ಷದ ಹುಡುಗ. ಅವರಿಗೆ ಯಾರೂ ಹೇಳಿರಲಿಲ್ಲ. ಹೇಳಿದಾಗ ಅವರು ಬಹಳ ಹೊತ್ತು ಚಿತ್ರದ ಮುಂದೆ ನಿಂತಿದ್ದು, “ಹಚ್ಚೆ ಇತ್ತಲ್ಲ?” ಎಂದಷ್ಟೇ ಕೇಳಿದರು. “ಇತ್ತು” ಎಂದಳು ಸಣ್ಣಾಯಿ.

ಚಿತ್ರವನ್ನು ಗೋಡೆಯಿಂದ ತೆಗೆಯಲಿಲ್ಲ. ಚೌಕಟ್ಟನ್ನು ಬಿಚ್ಚಿ, ಬೆನ್ನಿನ ಮೇಲೆ ಮೆಲ್ಲಗೆ ಸೀಸದಕಡ್ಡಿಯಿಂದ (ಮಸಿ ಮುಂಬದಿಗೆ ಇಳಿಯುವುದರಿಂದ ಪೆನ್ನು ಬಳಸಬಾರದು) ಇದು ಯಾರ ಮುಖ, ಯಾರ ಹೆಸರಿನಲ್ಲಿ ಇಟ್ಟುದು, ಯಾರು ಹೇಳಿದರು, ಯಾವ ದಿನ ಹೇಳಿದರು ಎಂಬುದನ್ನು ಬರೆದೆವು. ಹಚ್ಚೆಯು ತುಳಸಿಕಟ್ಟೆಯದೆಂದು ಅಪ್ಪ, ತೊಟ್ಟಿಲಿನದೆಂದು ಸಣ್ಣಾಯಿ. ಎರಡನ್ನೂ ಬರೆದಿದ್ದೇವೆ.