ಶನಿವಾರ ನೀರಿಗಿಳಿಯುವ ಮೊದಲು

ಅಳಿಯಾ,

ನೀನು ಕಳಿಸಿದ ಸರ್ಫಿಂಗ್ ಆ್ಯಪಿನ ಸ್ಕ್ರೀನ್‌ಶಾಟ್ ನೋಡಿದೆ. ಶನಿವಾರ ಸಸಿಹಿತ್ಲಿನಲ್ಲಿ ಒಂದೂವರೆ ಮೀಟರ್ ತೆರೆ, 17 ಸೆಕೆಂಡ್, ಬೆಳಿಗ್ಗೆ ಪೂರ್ವದ ಗಾಳಿ. ಮೇ ತಿಂಗಳಲ್ಲಿ ಇವೆಲ್ಲ ಒಟ್ಟಿಗೆ ಕೂಡಿಬರುವುದು ಅಪರೂಪ. ಬೇಡ ಎನ್ನಲು ನನಗೂ ಮನಸ್ಸಿಲ್ಲ, ಬಾ. ಆದರೆ ‘ಒಂದೂವರೆ ಮೀಟರ್ ತಾನೇ ಮಾವ’ ಅಂತ ಬರೆದಿದ್ದೀಯಲ್ಲ, ಅಲ್ಲಿ ನನಗೆ ತಕರಾರು ಉಂಟು. ನೀನು ಎತ್ತರ ಓದಿದೆ, ಸೆಕೆಂಡ್ ಓದಲಿಲ್ಲ.

ನಮ್ಮೂರ ಗಾಳಿ ಎಬ್ಬಿಸುವ ತೆರೆಗಳು ಆರೇಳು ಸೆಕೆಂಡಿಗೊಂದರಂತೆ ಬರುತ್ತವೆ. 17 ಸೆಕೆಂಡಿನದು ಇಲ್ಲಿ ಹುಟ್ಟಿದ್ದಲ್ಲ. ಮಡಗಾಸ್ಕರಕ್ಕಿಂತಲೂ ಎಷ್ಟೋ ಕೆಳಗೆ, ದಕ್ಷಿಣ ಮಹಾಸಾಗರದಲ್ಲಿ ಎದ್ದ ಬಿರುಗಾಳಿಯ ಕೂಸು ಅದು. ಗಂಟೆಗೆ ಸುಮಾರು 48 ಕಿ.ಮೀ. ವೇಗ, ದಿನಕ್ಕೆ 1,100 ಕಿ.ಮೀ.ಗೂ ಹೆಚ್ಚು. ಹಾಗೆ ಐದಾರು ದಿನ ನಡೆದು ನಮ್ಮ ದಡ ಸೇರುತ್ತದೆ. ಇಷ್ಟು ದೂರ ಬರುತ್ತದೆಯೇ ಎಂದು ಅನುಮಾನ ಬೇಡ. ವಾಲ್ಟರ್ ಮಂಕ್ ಎಂಬ ಸಾಗರ ವಿಜ್ಞಾನಿ 1963ರಲ್ಲಿ ನ್ಯೂಜಿಲೆಂಡಿನಿಂದ ಅಲಾಸ್ಕಾದವರೆಗೆ ಅಲ್ಲಲ್ಲಿ ಅಳತೆಯ ಉಪಕರಣ ಇಟ್ಟು, ದಕ್ಷಿಣದ ಬಿರುಗಾಳಿಗಳ ತೆರೆಗಳನ್ನು ಇಡೀ ಪೆಸಿಫಿಕ್ ಉದ್ದಕ್ಕೂ ಹಿಂಬಾಲಿಸಿದ್ದರು.

ಏಳು ಸೆಕೆಂಡಿನದಕ್ಕೂ 17 ಸೆಕೆಂಡಿನದಕ್ಕೂ ಎತ್ತರ ಒಂದೇ ಇರಲಿ, ಎರಡನೆಯದು ಹೊತ್ತು ತರುವ ಶಕ್ತಿ ಎರಡು ಪಟ್ಟಿಗಿಂತ ಜಾಸ್ತಿ. ಅದರ ಬುಡವೂ ಆಳ. ಇನ್ನೂರು ಮೀಟರಿಗೂ ಹೆಚ್ಚು ನೀರಿರುವಲ್ಲೇ ನೆಲಕ್ಕೆ ತಾಗಿ, ಅಲ್ಲಿಂದ ನಿಧಾನವಾಗುತ್ತ, ಮರಳ ದಿಣ್ಣೆಯ ಹತ್ತಿರ ಬಂದಾಗ ಎದ್ದು ನಿಲ್ಲುತ್ತದೆ. ಆ್ಯಪಿನಲ್ಲಿ ಒಂದೂವರೆ ಮೀಟರ್ ಇದ್ದದ್ದು ನಿನ್ನ ಎದುರಿಗೆ ಬಂದಾಗ ತಲೆಗಿಂತ ಮೇಲಿರಬಹುದು.

ಆಕಾಶ ನೋಡಿ ಕಡಲನ್ನು ಅಳೆಯುವುದು ಬೇಡ. 2024ರ ಮೇ 6ರಂದು ಕನ್ಯಾಕುಮಾರಿ ಜಿಲ್ಲೆಯ ಲೆಮೂರ್ ಬೀಚಿನಲ್ಲಿ ಐವರು ವೈದ್ಯಕೀಯ ವಿದ್ಯಾರ್ಥಿಗಳು ತೆರೆಗೆ ಸಿಕ್ಕಿ ತೀರಿಕೊಂಡರು. ಇಂಥದೇ ದೂರದ ಉಬ್ಬು ತೆರೆ ಅದು, ಇಲ್ಲಿ ಆಕಾಶ ತಿಳಿಯಾಗಿದ್ದಾಗಲೂ ಬರುವಂಥದ್ದು. ಅದಕ್ಕೆ ಕೇರಳದವರು ಕಳ್ಳಕ್ಕಡಲ್ ಅನ್ನುತ್ತಾರೆ. ಹೈದರಾಬಾದಿನ ಇನ್‌ಕಾಯಿಸ್ ಸಂಸ್ಥೆ ಮೀನುಗಾರರಿಗೆ ಇದರ ಮುನ್ನೆಚ್ಚರಿಕೆ ಕೊಡುತ್ತದೆ. ನೀನೂ ಅದನ್ನು ನೋಡು. ಸರ್ಫಿಂಗ್ ಆ್ಯಪು ನಿನಗೆ ಮಜಾ ಎಲ್ಲುಂಟು ಎಂದು ಹೇಳುತ್ತದೆ, ಈ ಮುನ್ನೆಚ್ಚರಿಕೆ ದೋಣಿ ಇಳಿಸಬಹುದೇ ಎಂದು ಹೇಳುತ್ತದೆ. ಎರಡನೆಯ ಮಾತಿಗೆ ನಾನು ಹೆಚ್ಚು ಬೆಲೆ ಕೊಡುತ್ತೇನೆ.

ಬಿರುಗಾಳಿ ಅರಬ್ಬಿ ಸಮುದ್ರದಲ್ಲೇ ಎದ್ದರೆ ಮಾತೇ ಬೇರೆ. 2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತ ಬಂದಾಗ ನಮ್ಮ ಮುಲ್ಕಿಯ ಹತ್ತಿರವೇ ಟಗ್ಗೊಂದು ಬಂಡೆಗೆ ಸಿಕ್ಕಿಕೊಂಡಿತು. ಅದರೊಳಗಿದ್ದ 9 ಮಂದಿಯನ್ನು ಹೊರಗೆ ತರಲು ಕರಾವಳಿ ಕಾವಲು ಪಡೆಯ ಜತೆಗೆ ನೌಕಾಪಡೆಯ ಹೆಲಿಕಾಪ್ಟರೂ ಬೇಕಾಯಿತು. ಅಂಥ ದಿನ ಬೋರ್ಡು ಹಿಡಿದು ದಡದಲ್ಲಿ ಫೋಟೋ ತೆಗೆಸಿಕೊಳ್ಳುವುದೂ ಬೇಡ ಮಾರಾಯ.

ದೂರದ ಬಿರುಗಾಳಿ ಒಳ್ಳೆಯ ದಿನ ಕೊಟ್ಟ ಉದಾಹರಣೆಯೂ ಉಂಟು, ಅದೇ ವರ್ಷದ್ದು. ಸರ್ಫಿಂಗ್ ಮೊದಲ ಸಲ ಒಲಿಂಪಿಕ್ಸ್ ಸೇರಿದ್ದು ಜಪಾನಿನ ತ್ಸುರಿಗಾಸಾಕಿ ದಡದಲ್ಲಿ. ಬೇಸಗೆಯಲ್ಲಿ ಅಲ್ಲಿ ದೊಡ್ಡ ತೆರೆ ಸಿಗುವುದು ಖಾತ್ರಿಯಿಲ್ಲ. ನೆಪಾರ್ಟಕ್ ಎಂಬ ಬಿರುಗಾಳಿ ತೆರೆ ತಂದಿತು, ಸಂಘಟಕರು ಫೈನಲ್ಲನ್ನು ಒಂದು ದಿನ ಮುಂಚೆ, ಜುಲೈ 27ಕ್ಕೇ ಇಟ್ಟರು. ಬ್ರೆಜಿಲ್ಲಿನ ಇಟಾಲೊ ಫೆರೇರಾನ ಬೋರ್ಡು ಫೈನಲ್ಲಿನ ಶುರುವಿನಲ್ಲೇ ತುಂಡಾಯಿತು. ದಡಕ್ಕೆ ಬಂದು ಬೇರೆ ಬೋರ್ಡು ತೆಗೆದುಕೊಂಡು ಹೋಗಿ ಚಿನ್ನ ಗೆದ್ದ. ನೀನು ಅವನ ಗಾಳಿಯಲ್ಲಿನ ಜಿಗಿತದ ವಿಡಿಯೊ ನೋಡಿರುತ್ತೀ. ನನಗೆ ಇಷ್ಟವಾದದ್ದು ಅವನು ದಡಕ್ಕೆ ಬಂದದ್ದು.

ಈಗ ನಮ್ಮ ಸಸಿಹಿತ್ಲಿನ ಅಳಿವೆಯ ಮಾತು. ಶಾಂಭವಿ, ನಂದಿನಿ ಎರಡೂ ಸೇರಿ ಕಡಲಿಗೆ ಬೀಳುವ ಜಾಗ ಅದು. ಪ್ರತಿ ಮಳೆಗಾಲವೂ ಮರಳ ದಿಣ್ಣೆಯ ಜಾಗ ಬದಲಿಸುತ್ತದೆ, ಹೋದ ವರ್ಷದ ನಿನ್ನ ನೆನಪು ಈ ವರ್ಷಕ್ಕೆ ಆಗುವುದಿಲ್ಲ. ದೋಣಿ ಒಳಗೆ ತರುವವರನ್ನು ಯಾವತ್ತಾದರೂ ಗಮನಿಸಿದ್ದೀಯಾ? ಮೀನು ತುಂಬಿರುತ್ತದೆ, ದರ ಬೀಳುವ ಮೊದಲು ದಕ್ಕೆ ಮುಟ್ಟಬೇಕು. ಆದರೂ ತೆರೆ ಒಡೆಯುವ ಜಾಗದ ಹೊರಗೆ ಎಂಜಿನ್ ಸಣ್ಣಗೆ ಇಟ್ಟು ನಿಲ್ಲುತ್ತಾರೆ. ಚುಕ್ಕಾಣಿ ಹಿಡಿದವನು ದಡ ನೋಡುವುದಿಲ್ಲ, ಕತ್ತು ಹಿಂದಕ್ಕೆ ತಿರುಗಿಸಿ ಪಡುವಣವನ್ನೇ ನೋಡುತ್ತಿರುತ್ತಾನೆ. ದೊಡ್ಡ ತೆರೆಗಳ ಗುಂಪು ಒಂದರ ಹಿಂದೊಂದು ದೋಣಿಯಡಿ ಹಾದು ಮುಂದೆ ಹೋಗಿ ಒಡೆಯುತ್ತದೆ. ಕೊನೆಯದರ ಬೆನ್ನು ಕಂಡ ಕ್ಷಣ ಎಂಜಿನ್ನಿನ ಸದ್ದು ಏರುತ್ತದೆ, ಆ ತೆರೆಯ ಹಿಂದೆಯೇ, ಅದನ್ನು ಹಿಂದಿಕ್ಕದ ಹಾಗೆ ಒಳಗೆ ಬರುತ್ತಾರೆ. ನಡುವೆ ಯಾರೂ ಮಾತಾಡುವುದಿಲ್ಲ. ನಿನಗೆ ಯಾವ ಕೋಚ್ ಕಲಿಸಿದ್ದಕ್ಕಿಂತಲೂ ಹೆಚ್ಚು ವಿದ್ಯೆ ಅದರಲ್ಲುಂಟು.

ಹಾಗಾಗಿ ಶನಿವಾರ ಬೆಳಗಾಗುವಾಗ ಬಂದರೂ ಮರಳಿನ ಮೇಲೆ ಅರ್ಧ ಗಂಟೆ ಸುಮ್ಮನೆ ಕೂತುಕೋ. 17 ಸೆಕೆಂಡಿನ ಕಡಲು ಮೋಸಗಾರ. ಒಂದು ಗುಂಪು ಹಾದುಹೋದ ಮೇಲೆ ಹತ್ತು-ಹದಿನೈದು ನಿಮಿಷ ಕೆರೆಯಂತೆ ಬಿದ್ದಿರುತ್ತದೆ. ಆ ಹೊತ್ತಿಗೆ ಬಂದವನು ‘ಏನೂ ಇಲ್ಲ’ ಎಂದು ಇಳಿಯುತ್ತಾನೆ, ಮಧ್ಯಕ್ಕೆ ಹೋಗುವಾಗ ಗೋಡೆ ಎದುರಾಗುತ್ತದೆ. ಎಲ್ಲಿ ತೆರೆ ಒಡೆಯದೆ ನೀರು ಕದಡಿ ಹೊರಕ್ಕೆ ಹರಿಯುತ್ತಿದೆಯೋ ಅದು ರಿಪ್. ನಿನ್ನಂಥವನು ಬೋರ್ಡಿನ ಮೇಲೆ ಮಲಗಿ ಅದೇ ದಾರಿಯಲ್ಲಿ ಹೊರಗೆ ಹೋಗಬಹುದು, ವಾಪಸು ಅದೇ ದಾರಿಯಲ್ಲಿ ಬರಲಾಗದು. ಇಳಿತದ ಹೊತ್ತಿಗೆ ಎರಡು ನದಿಗಳ ನೀರೂ ಅದಕ್ಕೆ ಕೂಡಿಕೊಳ್ಳುತ್ತದೆ. ಉಬ್ಬರ-ಇಳಿತದ ಸಮಯ ಬರೆದಿಟ್ಟುಕೋ. ಬೋರ್ಡನ್ನು ಕಾಲಿಗೆ ಕಟ್ಟುವ ಲೀಶ್ ಹಳತಾಗಿದ್ದರೆ ಹೊಸದು ಹಾಕು, ಅದರಲ್ಲಿ ಜಿಪುಣತನ ಬೇಡ. ಮೊದಲ ಗುಂಪಿನ ಮೊದಲ ತೆರೆಗೆ ಕೈ ಹಾಕಬೇಡ. ಅದರಲ್ಲಿ ಬಿದ್ದೆಯೋ, ಹಿಂದಿನವು ಒಂದೊಂದಾಗಿ ನಿನ್ನ ತಲೆಯ ಮೇಲೇ ಒಡೆಯುತ್ತವೆ.

ಪೂರ್ವದ ಗಾಳಿ ಇರುವಷ್ಟು ಹೊತ್ತು ತೆರೆಯ ಮುಖ ಗಾಜಿನ ಹಾಗೆ ನಿಂತಿರುತ್ತದೆ. ಆಗ ಸಿಗುವ ಒಂದು ಸವಾರಿಯ ಸುಖ ಏನೆಂದು ನಾನು ಬರೆದು ಹೇಳಬೇಕಾಗಿಲ್ಲ, ಅದಕ್ಕೇ ತಾನೇ ನೀನು ಬೆಂಗಳೂರಿನಿಂದ ರಾತ್ರಿ ಬಸ್ಸು ಹತ್ತುವುದು. ಬಿಸಿಲೇರಿದ ಮೇಲೆ ಗಾಳಿ ತಿರುಗಿ ಕಡಲಿನ ಕಡೆಯಿಂದ ಬೀಸುತ್ತದೆ, ನೀರೆಲ್ಲ ಕಲಸಿಹೋಗುತ್ತದೆ. ತೋಳು ಇನ್ನೂ ಸೋತಿಲ್ಲ ಅನಿಸುವಾಗಲೇ ಹೊರಗೆ ಬಾ.

ಬಂದವನು ಕೂಡಲೇ ಮನೆಗೆ ಓಡಬೇಡ. ಗಾಳಿ ತಿರುಗಿದರೂ ದೂರದಿಂದ ಬಂದ ತೆರೆ ನಿಂತಿರುವುದಿಲ್ಲ, ಮಧ್ಯಾಹ್ನದ ಮೇಲೆ ಕಾರಿನಲ್ಲಿ ಮಕ್ಕಳುಮರಿ ಕಟ್ಟಿಕೊಂಡು ಜನ ಬರುತ್ತಾರೆ. ಮೊಣಕಾಲು ನೀರಿನಲ್ಲಿ ಬೆನ್ನು ಕಡಲಿಗೆ ಹಾಕಿ ಸೆಲ್ಫಿಗೆ ನಿಲ್ಲುತ್ತಾರೆ. ರಿಪ್ ಎಲ್ಲುಂಟು ಎಂದು ಬೆಳಗಿನಿಂದ ನೋಡಿದವನು ನೀನು, ಹೋಗಿ ಹೇಳು. ಬೈದರೆ ಬೈಸಿಕೋ. ಯಾರಾದರೂ ಸಿಕ್ಕಿಕೊಂಡರೆ ಮೊದಲು ಜೀವರಕ್ಷಕರನ್ನು ಕೂಗು, 112ಕ್ಕೆ ಫೋನು ಹಾಕಿಸು. ನೀನೇ ಹೋಗಬೇಕಾಗಿ ಬಂದರೆ ಬೋರ್ಡಿಲ್ಲದೆ ಹೋಗಬೇಡ. ಹತ್ತಿರ ಹೋದಾಗ ಕೈ ಕೊಡಬೇಡ, ಮುಳುಗುವವನು ನಿನ್ನ ಕತ್ತನ್ನೇ ಹಿಡಿಯುತ್ತಾನೆ. ಬೋರ್ಡನ್ನು ಇಬ್ಬರ ನಡುವೆ ಅಡ್ಡ ತಳ್ಳು, ಅದನ್ನು ಅವನು ತಬ್ಬಿಕೊಳ್ಳಲಿ.

ಇತಿ,
ನಿನ್ನ ಮಾವ